ಮೆರ್ಸಿನ್ನಿನ ಓಣಿಯ ಒಲೆಯಲ್ಲಿ ಬದನೆಕಾಯಿ

ಹುಮನಾಬಾದ

ಪರದೇಶಕ್ಕೆ ಹೊರಟವರಿಗೆ ನನ್ನ ಮೊದಲ ಸಲಹೆ ಇದು: ನಿಮ್ಮನ್ನು ಯಾಕೆ ಕರೆದೊಯ್ಯುತ್ತಿದ್ದಾರೆ ಎಂಬುದನ್ನು ಪಾಸ್‌ಪೋರ್ಟಿನ ಫೋಟೊ ತೆಗೆಸುವ ಮೊದಲೇ ಕೇಳಿ ತಿಳಿದುಕೊಳ್ಳಿ. ನನ್ನ ತಮ್ಮ ಶರಣಪ್ಪ ಬಸವಕಲ್ಯಾಣದಿಂದ ಬಂದು ನನ್ನ ಖಾನಾವಳಿಯ ಬಾಕಿನ ಮೇಲೆ ಕುಳಿತು, "ಅಕ್ಕಾ, ಟರ್ಕಿ ದೇಶಕ್ಕ ಹೋಗಿ ಬರೂಣು ನಡಿ" ಎಂದಾಗ ನನಗೆ ಖುಷಿಗಿಂತ ಮೊದಲು ಬಂದದ್ದು ಸಂಶಯ.

"ನನ್ನನ್ಯಾಕ? ನಿನ್ನ ಹೆಂಡ್ತಿ ಇಲ್ಲೇನು?"

"ಆಕಿಗಿ ವಿಮಾನ ಅಂದ್ರ ತಲಿ ತಿರಗ್ತದ."

"ಮನ್ನಿ ಹೈದರಾಬಾದಿನ ಎಕ್ಜಿಬಿಷನ್ನಾಗ ದೊಡ್ಡ ತೊಟ್ಟಲದಾಗ ಎರಡ ಸರ್ತಿ ಕುಂತಾಳ. ಆವಾಗ ತಿರಗಲಿಲ್ಲ?"

ತಮ್ಮ ನಕ್ಕ. ನಕ್ಕ ಮೇಲೆ ನಿಜ ಹೊರಗೆ ಬಂತು. ಅವನದು ಬಸವಕಲ್ಯಾಣದಲ್ಲಿ ತೊಗರಿಬೇಳೆಯ ಮಿಲ್ಲು. ಮೆರ್ಸಿನ್ ಎಂಬ ಸಮುದ್ರದ ಊರಿನಲ್ಲಿ ಬೇಳೆಯ ಸಿಪ್ಪೆ ಸುಲಿಯುವ ಮಷೀನು ಮಾಡುತ್ತಾರಂತೆ, ಕಾಳು ಒಡೆಯುವುದಿಲ್ಲವಂತೆ. ಹಿಂದಿನ ವರ್ಷ ನಮ್ಮ ಕಡೆಯ ಇಬ್ಬರು ವ್ಯಾಪಾರಿಗಳು ನೋಡಲು ಹೋಗಿ, ಬಾಳೆಹಣ್ಣು ಬ್ರೆಡ್ಡು ತಿಂದು, ಗಲ್ಲ ಒಳಗೆ ಹೋಗಿ ತಿರುಗಿ ಬಂದಿದ್ದರು. ಅಂದರೆ ನಾನು ಹೋಗುವುದು ದೇಶ ನೋಡಲಿಕ್ಕಲ್ಲ, ರೊಟ್ಟಿ ಬಡಿಯಲಿಕ್ಕೆ.

ಸಿಟ್ಟು ಬರಲಿಲ್ಲ. ನಾನು ಬದುಕಿದ್ದೇ ರೊಟ್ಟಿ ಬಡಿದು. ಕೊಹಿನೂರಿನ ತವರಿನಿಂದ ಹುಮನಾಬಾದಿಗೆ ಬಂದವಳು ಬುಟ್ಟಿಯಲ್ಲಿ ರೊಟ್ಟಿ ಹೊತ್ತು ಬಸ್ ನಿಲ್ದಾಣದಲ್ಲಿ ಮಾರಿ, ಆಮೇಲೆ ಒಂದು ತಗಡಿನ ಕೋಣೆ ಹಿಡಿದು, ಆಮೇಲೆ ಬಾಕು ಹಾಕಿಸಿ ಖಾನಾವಳಿ ಮಾಡಿದವಳು. ಪುಣೆ ಹೈದರಾಬಾದ ರಸ್ತೆಯ ಲಾರಿಯವರಿಗೆ ನಾನು ಗೊತ್ತು, ನನಗೆ ಅವರು ಗೊತ್ತು. ಆದರೆ ಒಂದು ಮಾತನ್ನು ತಮ್ಮನಿಗೆ ಅಲ್ಲೇ ಸ್ಪಷ್ಟ ಮಾಡಿದೆ. ನಾನು ಲಿಂಗದೀಕ್ಷೆ ತೆಗೆದುಕೊಂಡವಳು. ಮಾಂಸ ಮುಟ್ಟಿದ್ದನ್ನು ಬಾಯಿಗೆ ಹಾಕುವುದಿಲ್ಲ ಎಂದು ಲಿಂಗವನ್ನು ಅಂಗೈಯಲ್ಲಿ ಹಿಡಿದು ಗುರುಗಳ ಮುಂದೆ ಮಾತು ಕೊಟ್ಟವಳು. "ಆ ಮಾತ ಮುರಿಯೂ ಪ್ರಸಂಗ ಬಂದ್ರ, ನಿನ್ನ ಮಷೀನು ಸಮುದ್ರದಾಗ ಬೀಳಲಿ, ನಾ ಏಳತೀನಿ" ಎಂದೆ.

"ಹೂನ್ ಅಕ್ಕಾ" ಎಂದ. ಅಷ್ಟು ಬೇಗ ಒಪ್ಪಿಕೊಂಡದ್ದೂ ನನಗೆ ಸಂಶಯವೇ.

ಇಸ್ತಾಂಬುಲ್ ವಿಮಾನ ನಿಲ್ದಾಣ

ಗಂಟಿನಲ್ಲಿ ಜೋಳದ ಹಿಟ್ಟು, ಒಣಗಿಸಿದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಕರೆಂಟಿನ ಒಲೆ. ಎರಡನೆಯ ಸಲಹೆ: ಖಾರದ ಪುಡಿಗಳನ್ನು ಸ್ಟೀಲಿನ ಡಬ್ಬಿಯಲ್ಲಿ ಒಯ್ಯಬೇಡಿ. ಹೊರಗಿನಿಂದ ಕಾಣುವ ಪ್ಲಾಸ್ಟಿಕ್ಕಿನಲ್ಲಿ ಒಯ್ಯಿರಿ. ಮುಚ್ಚಿಟ್ಟದ್ದನ್ನು ಕಂಡರೆ ಪೊಲೀಸರಿಗೆ ಕೈ ತುರಿಸುತ್ತದೆ.

ಅಲ್ಲಿಯ ಅಧಿಕಾರಿ ಡಬ್ಬಿ ತೆರೆದು, ಕೆಂಪು ಹಿಂಡಿ ನೋಡಿ, ಇನ್ನೊಬ್ಬನನ್ನು ಕರೆದ. ಅವನು ಮೂಗು ಹತ್ತಿರ ಒಯ್ದು ಸೀನಿದ. ಮೂರನೆಯವನು ಬಂದ. ತಮ್ಮ ಬೆವರುತ್ತಿದ್ದ. ನಾನು ಒಂದು ಚಿಟಿಕೆ ತೆಗೆದು ಅವರೆದುರಿಗೇ ಬಾಯಿಗೆ ಹಾಕಿಕೊಂಡು, ಹಲ್ಲು ತೋರಿಸಿ ನಿಂತೆ. ಅವರು ನನ್ನನ್ನೇ ನೋಡುತ್ತಾ ನಿಂತರು, ಬೀಳುತ್ತೇನೋ ಏನೋ ಎಂದು. ಬೀಳಲಿಲ್ಲ. ಡಬ್ಬಿ ತಿರುಗಿ ಕೊಟ್ಟರು. ಮನುಷ್ಯರು ಸಂಶಯ ಪಡುವ ರೀತಿ ಎಲ್ಲ ಊರಲ್ಲೂ ಒಂದೇ ಎಂದು ನನಗೆ ಅಲ್ಲಿ ಸ್ವಲ್ಪ ಧೈರ್ಯ ಬಂತು.

ಮೆರ್ಸಿನ್, ಮೇಲಿನ ಕೋಣೆ

ನಮ್ಮನ್ನು ಇಳಿಸಿದ್ದು ಮಷೀನಿನ ಕಾರ್ಖಾನೆಯ ಮಾಲಕನ ಮನೆಯಲ್ಲೇ, ಮೇಲಿನ ಕೋಣೆಯಲ್ಲಿ. ಲಾಡ್ಜು ಬಿಟ್ಟು ಮನೆಗೆ ಯಾಕೆ ಕರೆದರು? ಮನೆಯಲ್ಲಿ ಇಟ್ಟುಕೊಂಡ ಗಿರಾಕಿ ಬೇರೆ ಅಂಗಡಿಗೆ ಹೋಗುವುದಿಲ್ಲ. ನಾನೂ ಲಾರಿಯವರಿಗೆ ಖಾನಾವಳಿಯ ಹಿಂದೆ ಮಂಚ ಹಾಕಿಸಿದ್ದು ಇದೇ ಲೆಕ್ಕದ ಮೇಲೆ.

ಮಾಲಕನ ಹೆಂಡತಿ ನೆರ್ಮಿನ್. ನನ್ನ ವಯಸ್ಸಿನವಳೇ, ಗಟ್ಟಿ ಮೈ, ತಲೆಯ ಮೇಲೆ ಹೂವಿನ ವಸ್ತ್ರ. ಅಲ್ಲಿಯವರು ಗೌರವಕ್ಕೆ ಹಾನಿಂ ಎನ್ನುತ್ತಿದ್ದರು, ನಾನು ಆಕೆಯನ್ನು ನೆರ್ಮಿನ್ ಬಾಯಿ ಎಂದು ಕರೆದೆ. ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಬೇರೆ ಚಪ್ಪಲಿ ಕೊಟ್ಟು, ಶೀಶೆಯಿಂದ ಏನೋ ನೀರು ನಮ್ಮ ಅಂಗೈಗೆ ಸುರಿದಳು. ನಿಂಬೆಹಣ್ಣಿನ ವಾಸನೆ; ಅದರ ಕೆಳಗೆ ದವಾಖಾನೆಯ ಸ್ಪಿರಿಟಿನ ವಾಸನೆ. ಬಂದವರಿಗೆ ಕೈಗೆ ಅತ್ತರು ಹಾಕುವ ಪದ್ಧತಿಯಂತೆ. ನಾನು ನಕ್ಕು, ಒಳಗೆ ಹೋಗಿ, ಸಾಬೂನು ಹಚ್ಚಿ ಕೈ ತೊಳೆದು ಬಂದೆ. ಆಕೆ ಅದನ್ನು ನೋಡಿದಳು. ನೋಡಿದ್ದನ್ನು ನಾನೂ ನೋಡಿದೆ.

ನಮ್ಮ ನಡುವೆ ಮಾತು ದಾಟಿಸಿದವನು ಯೂಸುಫ್. ಕಾರ್ಖಾನೆಯ ಮಿಸ್ತ್ರಿ. ಜೆದ್ದಾದಲ್ಲಿ ಹೈದರಾಬಾದಿನ ಹುಡುಗರ ಜೊತೆ ಬಹಳ ವರ್ಷ ಕೆಲಸ ಮಾಡಿ ಅವರ ದಖನಿ ಉರ್ದು ಕಲಿತಿದ್ದ. ಸಮುದ್ರದ ಆಚೆ ಒಬ್ಬ ತುರ್ಕ ನನ್ನೆದುರು ನಿಂತು "ಆಪಾ, ಚಹಾ ಹೋನಾ ಕ್ಯಾ? ನಕ್ಕೋ ಬೋಲ್ಕೆ ನಕ್ಕೋ ಬೋಲೋ", ಅಂದರೆ ಚಹಾ ಬೇಕೇನು, ಬೇಡ ಮಾತ್ರ ಅನ್ನಬೇಡಿ, ಎಂದಾಗ, ಹುಮನಾಬಾದಿನ ಬಸ್ ನಿಲ್ದಾಣವೇ ಎದ್ದು ಬಂದಂತಾಯಿತು. ನಮ್ಮ ಮಾತೆಲ್ಲ ಆ ದಖನಿಯಲ್ಲೇ ನಡೆಯಿತು. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ.

ಚಹಾ ಎಂದೆನಲ್ಲ. ಸೊಂಟವಿರುವ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ. ಮುಗಿಸಿದೆ, ಮತ್ತೆ ತುಂಬಿದಳು. ಅದನ್ನೂ ಮುಗಿಸಿದೆ, ಮತ್ತೆ ತುಂಬಿದಳು. ವ್ಯಾಪಾರದಲ್ಲಿ ಸುಮ್ಮನೆ ಚಹಾ ಕುಡಿಸುವವರು ಯಾರೂ ಇಲ್ಲ. ಇವರು ಮಷೀನಿನ ರೇಟು ಏರಿಸುವ ಮೊದಲು ನಮ್ಮನ್ನು ಮೆತ್ತಗೆ ಮಾಡುತ್ತಿದ್ದಾರೆ ಎಂದುಕೊಂಡು, ಹೆದರಿದವಳೆಂದು ಕಾಣಬಾರದೆಂದು, ನಾನೂ ಬಿಡದೆ ಕುಡಿದೆ. ಕೊನೆಗೆ ಯೂಸುಫ್ ನನ್ನ ಚಮಚ ಎತ್ತಿ ಗಾಜಿನ ಬಾಯಿಗೆ ಅಡ್ಡ ಇಟ್ಟ. ಚಮಚ ಅಡ್ಡ ಇಟ್ಟರೆ ಸಾಕು ಎಂದರ್ಥವಂತೆ. ಪಾಪ, ಆಕೆ ನನ್ನನ್ನು ಚಹಾದ ಹುಚ್ಚಿ ಎಂದುಕೊಂಡು ತನ್ನ ಗಾಜಿನದನ್ನೂ ನನಗೇ ಸುರಿಯುವವಳಿದ್ದಳು.

ಮೇಲಿನ ಕೋಣೆಯಲ್ಲಿ ಕರೆಂಟಿನ ಒಲೆಯ ಮೇಲೆ ನಮ್ಮ ರೊಟ್ಟಿ, ಬೇಳೆ. ಸಂಜೆ ಆದೊಡನೆ ನೆರ್ಮಿನ್ ಬಾಯಿ ಮೆಟ್ಟಿಲ ಕೆಳಗೆ ಮುಚ್ಚಿದ ತಾಟು ಹಿಡಿದು ನಿಲ್ಲುವಳು. ನಾನು ಎರಡೂ ಕೈ ಜೋಡಿಸಿ ತಿರುಗಿ ಕಳಿಸುವೆ. ಮಷೀನು ಪರೀಕ್ಷೆ ಮಾಡಲಿಕ್ಕೆಂದು ತಮ್ಮ ತಂದ ಚೀಲ ತೊಗರಿಯನ್ನು ಕಾರ್ಖಾನೆಯಲ್ಲಿ ಸುಲಿಯುತ್ತಿದ್ದರು. ಬೇಳೆ ಚೆನ್ನಾಗಿಯೇ ಬಂತು. ಆದರೆ ಮಾಲಕ ರೇಟಿನ ಮಾತು ಎತ್ತಲೇ ಇಲ್ಲ.

"ಯಾಕ ಬಾಯಿ ಬಿಡವಲ್ಲ ಅಂವ?" ಎಂದು ಯೂಸುಫನನ್ನು ಕೇಳಿದೆ.

ಯೂಸುಫ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಆಪಾ, ತಪ್ಪು ತಿಳೀಬ್ಯಾಡ್ರಿ. ಮನೆಗೆ ಬಂದವರು ಒಂದು ತುತ್ತೂ ಉಣ್ಣದೆ ಇದ್ದಾರೆ. ನೆರ್ಮಿನ್ ಹಾನಿಂ ಓಣಿಯವರಿಗೆ ಮುಖ ತೋರಿಸುತ್ತಿಲ್ಲ. ಅವರು ಉಣ್ಣುವ ತನಕ ಅವರ ಜೊತೆ ವ್ಯಾಪಾರ ಮಾತಾಡಬೇಡ ಅಂತ ಗಂಡನಿಗೆ ಹೇಳಿದ್ದಾಳೆ."

ತಮ್ಮ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅವನ ಮಷೀನು ಈಗ ನನ್ನ ಬಾಯಿಯ ಮೇಲೆ ನಿಂತಿತ್ತು, ನನ್ನ ಬಾಯಿ ಗುರುಗಳಿಗೆ ಕೊಟ್ಟ ಮಾತಿನ ಮೇಲೆ.

"ಮಾಂಸ ಇಲ್ಲದ ಅಡಗಿ ಆಕಿಗಿ ಬರ್ತದೇನು ಕೇಳು" ಎಂದೆ.

ಕೇಳಿದ. ಕೆಳಗಿನಿಂದ ದೊಡ್ಡ ನಗೆ ಬಂತು. ಬದನೆಕಾಯಿಯಿಂದ ತನಗೆ ಬರುವ ಅಡುಗೆಗಳಷ್ಟು ಬದನೆಕಾಯಿಗಳೂ ನಮ್ಮೂರಿನಲ್ಲಿ ಇರಲಿಕ್ಕಿಲ್ಲ ಎಂದಳಂತೆ.

ಸಂತೆ

ಸಾಮಾನು ನಾನೇ ಆರಿಸುತ್ತೇನೆ ಎಂದು ಹಟ ಹಿಡಿದು ಸಂತೆಗೆ ಹೋದೆ. ನಮ್ಮ ಮಂಠಾಳದ ಸಂತೆಯಂತೆಯೇ ಬೀದಿಗೆ ಬೀದಿ ತರಕಾರಿ. ಕೂಗಾಟವೂ ಅದೇ. ಆದರೆ ಒಂದು ಅನ್ಯಾಯ: ಕಾಯಿಗೆ ಕೈ ಹಚ್ಚುವ ಹಾಗಿಲ್ಲ. ನಾನು ಒಂದು ಬದನೆಕಾಯಿ ಎತ್ತಿ ತೂಗಿದ್ದಕ್ಕೆ ಅಂಗಡಿಯವನು ನನ್ನ ಕೈಯಿಂದ ಕಸಿದುಕೊಂಡು ಸ್ವಸ್ಥಾನದಲ್ಲಿಟ್ಟ. ನಾನು ಮತ್ತೊಂದು ಎತ್ತಿದೆ. ಅವನು ಮತ್ತೆ ಕಸಿದ. ಸುತ್ತ ಜನ ಸೇರಿದರು. ನೆರ್ಮಿನ್ ಬಾಯಿ ನಡುವೆ ಬಂದು ಅವನಿಗೆ ಏನೋ ಜೋರಾಗಿ ಹೇಳಿದಳು, ಅವನು ಕೈ ಬಿಟ್ಟ. ಏನೆಂದಳು ಎಂದು ಯೂಸುಫನನ್ನು ಕೇಳಿದರೆ, "ಈಕೆ ಹಿಂದುಸ್ತಾನದ ದೊಡ್ಡ ಅಡುಗೆಯವಳು, ತಲೆ ಸ್ವಲ್ಪ ಬಿಸಿ ಅಂದಳು" ಎಂದ.

ಬದನೆಕಾಯಿ ಆರಿಸುವುದು ಹೇಳುತ್ತೇನೆ. ನೋಡಲಿಕ್ಕೆ ದೊಡ್ಡದಿದ್ದು ಕೈಗೆ ಹಗುರ ಇರಬೇಕು. ಭಾರ ಇದ್ದರೆ ಒಳಗೆ ಬೀಜ ಬಲಿತಿರುತ್ತದೆ. ತೊಟ್ಟು ಹಸಿರಿರಬೇಕು. ಹೆಬ್ಬೆರಳಿಂದ ಒತ್ತಿದರೆ ಕುಣಿ ಬಿದ್ದು ತಿರುಗಿ ಏಳಬೇಕು. ಏಳದಿದ್ದರೆ ಹಳೆಯದು, ಏನೇ ಹೇಳಲಿ ಬಿಡಿ. ಅಲ್ಲಿಯವು ಉದ್ದ, ಕರಿ, ಮುಳ್ಳಿಲ್ಲದವು. ನಮ್ಮ ಮುಳ್ಳುಬದನೆಯ ರುಚಿ ಅವಕ್ಕಿಲ್ಲ, ಆದರೆ ಹೋಳು ಮಾಡಿ ಸುಡಲಿಕ್ಕೆ ಅವೇ ಮೇಲು, ಇದನ್ನು ಒಪ್ಪಬೇಕು. ಕೊನೆಗೆ ಅದೇ ಅಂಗಡಿಯವನಿಂದ ಒಂದು ಹಿಡಿ ಸೊಪ್ಪು ಕೊಸರು ಹಾಕಿಸಿಕೊಂಡೇ ಬಂದೆ.

ನೆರ್ಮಿನ್ ಬಾಯಿಯ ಅಡುಗೆಮನೆ

ತಗಡಿನ ತಾಟು ಹೊಸದು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಆಕೆ ನನ್ನ ಮುಂದೆ ಹಿಡಿದು, ಚೀಟಿಯನ್ನು ಬೆರಳಿನಿಂದ ಬಡಿದು ತೋರಿಸಿ, ಆಮೇಲೆ ಕಿತ್ತಳು. ಚೂರಿ ನಾನು ತಂದದ್ದು. ಮಣೆ ಕುದಿಯುವ ನೀರಿನಲ್ಲಿ ತೊಳೆಸಿದೆ. ಆಕೆ ತುಟಿ ಬಿಗಿದುಕೊಂಡೇ ತೊಳೆದಳು.

ಆಕೆ ಮಾಡಿದ ಕ್ರಮ ಇದು, ಬರೆದುಕೊಳ್ಳುವವರು ಬರೆದುಕೊಳ್ಳಿ. ಬದನೆಕಾಯಿಯ ಸಿಪ್ಪೆಯನ್ನು ಪೂರ್ತಿ ತೆಗೆಯುವುದಿಲ್ಲ, ಪಟ್ಟೆ ಪಟ್ಟೆಯಾಗಿ ತೆಗೆಯುತ್ತಾರೆ. ಪೂರ್ತಿ ತೆಗೆದರೆ ಕರಗಿ ಗೊಜ್ಜಾಗುತ್ತದೆ, ಪೂರ್ತಿ ಬಿಟ್ಟರೆ ಅಗಿಯಲಿಕ್ಕೆ ಬರುವುದಿಲ್ಲ. ಬೆರಳು ದಪ್ಪದ ಗಾಲಿಗಳನ್ನಾಗಿ ಕೊಯ್ದು ಉಪ್ಪುನೀರಿನಲ್ಲಿ ಹಾಕಿ, ನೀರು ಕಂದುಬಣ್ಣಕ್ಕೆ ಬರುವ ತನಕ ಬಿಟ್ಟು, ಹಿಂಡಿ, ಬಟ್ಟೆಯಲ್ಲಿ ಒರೆಸಬೇಕು. ಈ ಒರೆಸುವ ಕೆಲಸಕ್ಕೆ ಬೇಜಾರು ಮಾಡಿಕೊಂಡರೆ ಬದನೆಕಾಯಿ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ. ಉಳ್ಳಾಗಡ್ಡಿಯನ್ನು ಮೊದಲೇ ಅರ್ಧ ಹುರಿಯಬೇಕು, ಇಲ್ಲದಿದ್ದರೆ ಒಲೆಯಲ್ಲಿ ಹಸಿಯೇ ಉಳಿದು ಉಳಿದದ್ದಕ್ಕೆಲ್ಲ ವಾಸನೆ ಹಚ್ಚುತ್ತದೆ. ತಾಟಿನ ತಳಕ್ಕೆ ಬಟಾಟೆಯ ಗಾಲಿ. ಅದರ ಮೇಲೆ ನೆನೆಸಿ ಕುದಿಸಿದ ಕಡಲೆ, ಇದೇ ಊಟಕ್ಕೆ ತೂಕ ಕೊಡುವುದು. ಅದರ ಮೇಲೆ ಬದನೆಕಾಯಿ, ಢಬ್ಬು ಮೆಣಸಿನಕಾಯಿ, ಹುರಿದ ಉಳ್ಳಾಗಡ್ಡಿ. ಎಲ್ಲಕ್ಕೂ ಮೇಲೆ ಟೊಮೆಟೊ. ಬೇಯಲಿಕ್ಕೆ ತಡವಾಗುವುದು ಕೆಳಗೆ, ನೀರು ಬಿಡುವುದು ಮೇಲೆ. ಮೇಲಿನದರ ನೀರು ಇಳಿದು ಕೆಳಗಿನದನ್ನು ಬೇಯಿಸುತ್ತದೆ. ಅದಕ್ಕೇ ಬೇರೆ ನೀರು ಅರ್ಧ ವಾಟಗ, ಎಂದರೆ ಅರ್ಧ ಬಟ್ಟಲಿಗಿಂತ ಹೆಚ್ಚು ಹಾಕಬಾರದು.

ಎಣ್ಣೆ ಆಲಿವ್ ಕಾಯಿಯದು. ವಾಸನೆಗೆ ನನಗೆ ಹಸಿ ಹುಲ್ಲಿನ ನೆನಪಾಯಿತು. ಅದರಲ್ಲಿ ಬೆಳ್ಳುಳ್ಳಿ, ಉಪ್ಪು, ಕೆಂಪುಮೆಣಸಿನಕಾಯಿ ಅರೆದದ್ದು ಕಲಸಿದಳು. ಆಮೇಲೆ ಒಂದು ಶೀಶೆಯಿಂದ ಕರ್ರಗಿನ ರಸ ಹಾಕಹೊರಟಳು. ನಾನು ಕೈ ಹಿಡಿದೆ.

"ಏನದು?"

"ದಾಳಿಂಬೆ ಹಣ್ಣಿನ ಹುಳಿ, ಆಪಾ. ಕುದಿಸಿ ಗಟ್ಟಿ ಮಾಡಿದ್ದು" ಎಂದ ಯೂಸುಫ್.

"ದಾಳಿಂಬ್ರಿ ಕೆಂಪ ಇರ್ತದ. ಇದ್ಯಾಕ ಕಪ್ಪ?"

ಆಕೆ ಚಮಚಕ್ಕೆ ಸುರಿದು ತಾನು ನೆಕ್ಕಿ, ಇನ್ನೊಂದು ಚಮಚಕ್ಕೆ ಸುರಿದು ನನಗೆ ಕೊಟ್ಟಳು. ನಮ್ಮ ಹುಣಸೆಹುಳಿಯ ಅಕ್ಕನಂತಿತ್ತು. ನಮ್ಮ ಕಡೆ ಮಾಡುವವರು ಹುಣಸೆರಸಕ್ಕೆ ಚೂರು ಬೆಲ್ಲ ಹಾಕಿ ಕುದಿಸಿ ಇಳಿಸಿಕೊಂಡರೆ ಸಾಕು, ಯಾರಿಗೂ ಫರಕು ತಿಳಿಯುವುದಿಲ್ಲ.

ಎಲ್ಲ ನನ್ನ ಕಣ್ಣೆದುರಿಗೇ ಆಯಿತು. ಎಲ್ಲವೂ ಶುದ್ಧ. ನನಗೆ ಹಸಿವೆಯೂ ಆಯಿತು. ಆಗ ನೆರ್ಮಿನ್ ಬಾಯಿ ತಾಟಿಗೆ ಕಾಗದ ಮುಚ್ಚಿ, ಬಟ್ಟೆ ಸುತ್ತಿ, ಎತ್ತಿಕೊಂಡು ಬಾಗಿಲ ಕಡೆ ನಡೆದಳು.

"ಎಲ್ಲಿಗಿ ಹೊಂಟಾಳ?"

"ಒಲೆಗೆ, ಆಪಾ. ಓಣಿಯ ಬ್ರೆಡ್ಡಿನವನ ಒಲೆಗೆ. ಇಲ್ಲಿ ತಾಟು ಮನೆಯಲ್ಲಿ ಸುಡುವುದಿಲ್ಲ. ಎಲ್ಲರೂ ಅಲ್ಲಿಗೇ ಒಯ್ದು ಕೊಡುತ್ತಾರೆ."

ಎಲ್ಲರೂ! ನಾನು ಮನೆಯ ಚಪ್ಪಲಿಯಲ್ಲೇ ಹಿಂದೆ ಓಡಿದೆ.

ಓಣಿಯ ಒಲೆ

ನಮ್ಮೂರಿನ ಹೆಣ್ಣುಮಕ್ಕಳಿಗೆ ಗಿರಣಿಯ ವಿಷಯ ಹೇಳಬೇಕಿಲ್ಲ. ಜೋಳದ ಡಬ್ಬಿ ಇಟ್ಟು ಮನೆಗೆ ಹೋದವಳ ಹಿಟ್ಟಿನಲ್ಲಿ ಮತ್ತೊಬ್ಬಳ ಹುಳ ಬರುತ್ತದೆ. ಖಾರ ಬೀಸಿದ ಮೇಲೆ ಗೋಧಿ ಹಾಕಿಸಿದರೆ ಮಗುವಿನ ಬಾಯಿ ಉರಿಯುತ್ತದೆ. ಅದಕ್ಕೇ ಪಾಳಿ ಹಿಡಿದು, ಡಬ್ಬಿಯ ಪಕ್ಕ ಕುಳಿತು, ಕಣ್ಣು ಕೀಳದೆ ಬೀಸಿಸಿಕೊಂಡು ಬರುತ್ತೇವೆ. ಇವರು ಮಾಡಿದ ಅಡುಗೆಯನ್ನೇ ಪರರ ಒಲೆಗೆ ಬಿಟ್ಟು ಬರುತ್ತಾರೆ!

ಒಲೆಯೆಂದರೆ ಗುಹೆ. ಒಳಗೆ ಕಟ್ಟಿಗೆಯ ಕೆಂಡ, ಮುಂದೆ ಮೀಸೆಯ ಹಸನ್ ಉಸ್ತಾದ, ಅವನ ಕೈಯಲ್ಲಿ ಎರಡಾಳುದ್ದದ ಕಟ್ಟಿಗೆಯ ಸಲಿಕೆ. ಬ್ರೆಡ್ಡುಗಳನ್ನು ಆಗಷ್ಟೇ ಹೊರಗೆ ಎಳೆಯುತ್ತಿದ್ದ. ಗೋಡೆಯ ಪಕ್ಕದ ಕಟ್ಟೆಯ ಮೇಲೆ ಓಣಿಯ ತಾಟುಗಳು ಸಾಲಾಗಿ ಕಾಯುತ್ತಿದ್ದವು. ಒಂದರಲ್ಲಿ ಕೋಳಿ. ಒಂದರಲ್ಲಿ ಖೀಮಾ. ಒಂದರಲ್ಲಿ ಏನೆಂದು ನೋಡುವ ಧೈರ್ಯ ಆಗಲಿಲ್ಲ. ಇವೆಲ್ಲ ಒಂದೇ ಗುಹೆಯೊಳಗೆ, ನನ್ನ ಬದನೆಕಾಯಿಯ ಮಗ್ಗುಲಲ್ಲಿ! ಕೊಬ್ಬು ಸಿಡಿಯದೇ ಇರುತ್ತದೆಯೇ?

"ಯೂಸುಫ್, ಅವಂಗ ಹೇಳು. ನಮ್ಮ ತಾಟು ಮೊದಲ ಹೋಗಬೇಕು. ಇವು ಯಾವೂ ಒಳಗ ಹೋಗೂದಕ್ಕ ಮೊದಲ."

ಹಸನ್ ಉಸ್ತಾದ ಸಲಿಕೆ ನೆಲಕ್ಕೂರಿ ಕೇಳಿಸಿಕೊಂಡ. ತಲೆ ಅಲ್ಲಾಡಿಸಿದ. ಈಗಲ್ಲ, ಆಮೇಲೆ ಎಂದ.

"ಆಮ್ಯಾಲ ಅಂತಾನ ಅಂದ್ರ ಅವುಗಳ ಜೋಡಿ ಇಡ್ತಾನ. ಗಿರಣ್ಯಾಗ ಇಂಥವ್ರನ್ನ ಭಾಳ ನೋಡೀನಿ. ಮೊದಲ ಅಂದ್ರ ಮೊದಲ!"

ಅವನು ನೆರ್ಮಿನ್ ಬಾಯಿಯ ಕಡೆ ನೋಡಿದ. ಆಕೆ ಗೋಣು ಹಾಕಿದಳು. ಅವನು ನಮ್ಮ ತಾಟನ್ನು ಸಲಿಕೆಯ ಮೇಲೆ ಏರಿಸಿ ಒಳಗೆ ದೂಡಿದ. ನಾನು ಗುಹೆಯ ಬಾಯಿಗೆ ಎದುರಾಗಿ ಒಂದು ಸ್ಟೂಲು ಹಾಕಿಕೊಂಡು ಕುಳಿತೆ. ಚಹಾ ಬಂತು. ಈ ಸಲ ಮೊದಲ ಗಾಜಿಗೇ ಚಮಚ ಅಡ್ಡ ಇಟ್ಟೆ. ಮಕ್ಕಳು ಬಂದು ನನ್ನ ಸೀರೆ ನೋಡಿದರು. ಯಾರೋ ಬ್ರೆಡ್ಡಿನ ಚೂರು ನೆಲಕ್ಕೆ ಬೀಳಿಸಿ, ಎತ್ತಿ, ಮುತ್ತಿಟ್ಟು ಹಣೆಗೆ ಹಚ್ಚಿಕೊಂಡರು. ಅನ್ನಕ್ಕೆ ನಮಸ್ಕಾರ ಮಾಡುವವರು ಪೂರ್ತಿ ಕೆಟ್ಟವರಿರಲಿಕ್ಕಿಲ್ಲ ಎನ್ನಿಸಿತು, ಆದರೂ ಕಣ್ಣು ಕೀಳಲಿಲ್ಲ. ಸ್ವಲ್ಪ ಹೊತ್ತಿಗೇ ಹಸನ್ ತಾಟು ಹೊರಗೆ ಎಳೆದ. ಮೇಲಿನ ಕಾಗದ ಬೂದಿಯಾಗಿತ್ತು.

ಊಟಕ್ಕೆ ಕುಳಿತಾಗ

ಟೊಮೆಟೊ ಇದ್ದಲು. ಅದನ್ನು ಸರಿಸಿದರೆ ಬದನೆಕಾಯಿ ಹೊರಗೆ ಸುಟ್ಟು ಒಳಗೆ ರಬ್ಬರು. ಬಟಾಟೆ ಕಟಕ್ ಎಂದಿತು.

ಬ್ರೆಡ್ಡು ತೆಗೆದ ಕೂಡಲೇ ಆ ಒಲೆ ಲೋಹ ಕರಗಿಸುವಷ್ಟು ಕಾದಿರುತ್ತದಂತೆ. ಅದಕ್ಕೇ ತಾಟುಗಳು ಕಟ್ಟೆಯ ಮೇಲೆ ಕಾಯುತ್ತಿದ್ದದ್ದು, ಕಾವು ಇಳಿಯಲಿ ಎಂದು. ಅಡುಗೆ ಬೇಯಬೇಕಾದದ್ದು ಇಳಿಯುವ ಕಾವಿನಲ್ಲಿ. ಗಿರಣಿಯ ಪಾಳಿಯ ಲೆಕ್ಕವನ್ನು ನಾನು ಒಲೆಗೆ ಹಚ್ಚಿದ್ದೆ. ಗಿರಣಿಯಲ್ಲೂ ಕಲ್ಲಿಗೆ ಉಳಿ ಹೊಡೆಸಿದ ದಿನ ಜಾಣೆಯಾದವಳು ಮೊದಲ ಪಾಳಿ ಹಿಡಿಯುವುದಿಲ್ಲ, ಹಿಟ್ಟಿನಲ್ಲಿ ಹರಳು ಬರುತ್ತದೆ. ಅದನ್ನೂ ಮರೆತಿದ್ದೆ.

ಮಾಲಕ ಮೊಸರಿನ ಪಾತ್ರೆಯನ್ನು ಮೇಜಿನ ನಡುವೆ ಸರಿಸಿದ. ಎಲ್ಲರೂ ಬ್ರೆಡ್ಡು ಮೊಸರು ತಿಂದು ಎದ್ದರು. ನಾನು ಅದನ್ನೂ ಮುಟ್ಟಲಿಲ್ಲ, ಮೊಸರಿನ ಪಾತ್ರೆ ಎಂಥದ್ದೋ ಏನೋ. ನೆರ್ಮಿನ್ ಬಾಯಿ ಕರಿ ತಾಟನ್ನು ಎತ್ತಿ ಒಳಗೆ ಒಯ್ದಳು. ನಲ್ಲಿಯ ಸಪ್ಪಳ ಬಹಳ ಹೊತ್ತು ಬಂತು.

ಮೇಲೆ ಬಂದ ಮೇಲೆ ತಮ್ಮ ಬಾಯಿ ಬಿಟ್ಟ. "ಅಕ್ಕಾ, ಉಣಬ್ಯಾಡ. ಖರೇ ಹೇಳ್ತೀನಿ, ಉಣಬ್ಯಾಡ. ನಾಳಿಗೆ ಹೊಂಟ ಹೋಗೂಣು. ಆದರ ಆ ಹೆಣ್ಣಮಗಳ ಕೈ ಹಿಡದು ಹಿಡದು ತಡದಿ ನೋಡು, ಅದು ನೋಡಲಾಕ ಆಗಲಿಲ್ಲ ನನಗ."

"ಹಿಡೀಲಿಲ್ಲಂದ್ರ ಏನ್ ಹಾಕ್ತಿದ್ಳೋ ಯಾಂವ ಬಲ್ಲ."

"ನಿನ್ನ ಖಾನಾವಳ್ಯಾಗ ಯಾವನರೆ ಗಿರಾಕಿ ಒಳಗ ಬಂದು ನಿನ್ನ ಕೈ ಹಿಡದ್ರ?"

"ಸೌಟಿನಿಂದ ಬಾರಸ್ತಿದ್ದೆ" ಎಂದೆ.

ಮತ್ತೊಮ್ಮೆ ಓಣಿಯ ಒಲೆ

ದಾರಿಯನ್ನು ಹುಡುಕಿದ್ದು ನಾನೇ. ಹುಡುಕಿದ್ದೆಲ್ಲಿ ಎಂದರೆ ನನ್ನ ಖಾನಾವಳಿಯ ಹಿಂದಿನ ಮನೆಯಲ್ಲಿ. ಅಲ್ಲಿ ಖಾಜಾಬಿ ಇದ್ದಾಳೆ. ಅವಳ ಮನೆಯ ಅಡುಗೆ ನಾನು ಉಂಡಿಲ್ಲ, ಆದರೆ ಮದುವೆ ಮುಂಜಿಗೆ ಅವಳು ಬಿರಿಯಾನಿಯ ಡೇಗ್ಚಿಗೆ ದಮ್ ಹಾಕುವುದನ್ನು ನನ್ನ ಹಿತ್ತಲ ಬಾಗಿಲಿನಿಂದ ವರ್ಷಗಟ್ಟಲೆ ನೋಡಿದ್ದೇನೆ. ಮುಚ್ಚಳ ಮುಚ್ಚಿ, ಸುತ್ತಲೂ ನಾದಿದ ಹಿಟ್ಟನ್ನು ಹಗ್ಗದಂತೆ ಹೊಸೆದು ಮೆತ್ತಿಬಿಡುತ್ತಾಳೆ. ಒಳಗಿನ ಹಬೆ ಹೊರಗೆ ಬರುವುದಿಲ್ಲ. ಒಳಗಿನದು ಹೊರಗೆ ಬರದಿದ್ದರೆ ಹೊರಗಿನದೂ ಒಳಗೆ ಹೋಗುವುದಿಲ್ಲವಲ್ಲ!

ಯೂಸುಫನ ಹತ್ತಿರ ಹೇಳಿ ಕಳಿಸಿದೆ: ಮುಚ್ಚಳವಿರುವ ಹೊಸ ಮಣ್ಣಿನ ಗಡಿಗೆ ಬೇಕು. ಈ ಸಲ ಅಡುಗೆಯಲ್ಲಿ ನಾನು ಕೈ ಹಾಕುವುದಿಲ್ಲ. ಗಡಿಗೆಯ ಬಾಯಿ ಮಾತ್ರ ನಾನು ಮುಚ್ಚುತ್ತೇನೆ.

ನೆರ್ಮಿನ್ ಬಾಯಿ ತಲೆಯ ವಸ್ತ್ರ ಬಿಗಿದುಕೊಂಡು, ನನ್ನನ್ನು ಕರೆದುಕೊಂಡು ಕುಂಬಾರನ ಅಂಗಡಿಗೆ ಹೊರಟಳು. ಅಲ್ಲಿ ಅವನು ಹೇಳಿದ ಬೆಲೆಗೆ ನಾನು ಅಂಗಡಿಯಿಂದ ಹೊರಗೆ ನಡೆದೆ. ಆಕೆ ನನಗಿಂತ ಮೊದಲೇ ಹೊರಗೆ ನಡೆದಿದ್ದಳು. ಹಿಂದಿನಿಂದ ಅವನು ಕೂಗಿ ಕರೆದ. ಇಬ್ಬರೂ ಒಂದೇ ಹೊತ್ತಿಗೆ ತಿರುಗಿದೆವು. ಆಕೆ ನನ್ನ ನೋಡಿ ಮೊದಲ ಸಲ ಹಲ್ಲು ಬಿಟ್ಟು ನಕ್ಕಳು.

ಮಣ್ಣಿನ ಗಡಿಗೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹೊಸದನ್ನು ತಂದವರು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ, ಆಮೇಲೆ ಅದರಲ್ಲಿ ಗಂಜಿ ಕುದಿಸಿ ಚೆಲ್ಲಿ. ಬಿಸಿ ಗಡಿಗೆಯನ್ನು ಹಸಿ ನೆಲಕ್ಕೆ ಇಡಬೇಡಿ. ನಮ್ಮಲ್ಲಿ ಓಣಿಯ ಒಲೆ ಇಲ್ಲವೆಂದು ಬೇಸರ ಬೇಡ: ಹಳೆಯ ಅಲ್ಯುಮಿನಿಯಂ ಬೋಗುಣಿಗೆ ಎರಡು ಬೆರಳು ಮರಳು ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ, ನಡುವೆ ಗಡಿಗೆ ಇಟ್ಟು, ಬೋಗುಣಿಗೆ ಭಾರದ ಮುಚ್ಚಳ ಹಾಕಿ. ಮುಚ್ಚಳದ ಮೇಲೆ ಕೆಂಡ ಸಿಕ್ಕರೆ ಇನ್ನೂ ಒಳ್ಳೆಯದು. ಉರಿ ಏರಿಸುವ ಆಸೆಗೆ ಬೀಳಬೇಡಿ. ಆಸೆಗೆ ಬಿದ್ದವಳ ಗತಿ ಮೇಲೆ ಓದಿದ್ದೀರಿ.

ಮರುದಿನ ಆಕೆ ಒಬ್ಬಳೇ ಕೊಯ್ದಳು, ಒಬ್ಬಳೇ ಕಲಸಿದಳು, ಒಬ್ಬಳೇ ಜೋಡಿಸಿದಳು. ನಾನು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ. ನೋಡದೆ ಇರಲಿಕ್ಕಂತೂ ಆಗಲಿಲ್ಲ. ಗಡಿಗೆ ತುಂಬಿದ ಮೇಲೆ ಆಕೆ ಹಿಂದೆ ಸರಿದು ನನಗೆ ಜಾಗ ಬಿಟ್ಟಳು. ನಾನು ಹಿಟ್ಟು ಹೊಸೆದು ಮುಚ್ಚಳದ ಸುತ್ತ ಮೆತ್ತಿ, ನನ್ನ ಬಳೆಯ ಅಂಚನ್ನು ಸುತ್ತಲೂ ಒತ್ತಿ ಗುರುತು ಮಾಡಿದೆ. ಯಾರಾದರೂ ತೆರೆದು ಮತ್ತೆ ಮುಚ್ಚಿದರೆ ಬಳೆಯ ಗುರುತು ಸುಳ್ಳು ಹೇಳುವುದಿಲ್ಲ. ಯೂಸುಫ್ ನೋಡಿ, "ಸರಕಾರಿ ಮೊಹರು!" ಎಂದ.

ಇಬ್ಬರೂ ಸೇರಿ ಒಲೆಗೆ ಒಯ್ದೆವು. ಹಸನ್ ಉಸ್ತಾದ ನನ್ನ ಕಂಡು ಸಲಿಕೆಯನ್ನು ನನ್ನ ಕೈಗೇ ಚಾಚಿದ, ತಗೋ ನೀನೇ ಮಾಡು ಎಂಬಂತೆ. ಜನ ನಕ್ಕರು. ನಾನು ಗಡಿಗೆಯನ್ನು ಕಟ್ಟೆಯ ಮೇಲೆ, ಕೋಳಿಯ ತಾಟಿನ ಪಕ್ಕದಲ್ಲಿ ಇಟ್ಟು, ತಿರುಗಿ ನೋಡದೆ ಮನೆಗೆ ಬಂದೆ. ತಿರುಗಿ ನೋಡದಿದ್ದದ್ದು ಹೊರಗೆ. ಒಳಗೆ ಎಷ್ಟು ಸಲ ಹೋಗಿ ಬಂದೆನೋ ಲಿಂಗಕ್ಕೇ ಗೊತ್ತು.

ಗಡಿಗೆ ಬಂತು

ಮೇಜಿನ ಸುತ್ತ ಮಾಲಕ, ಯೂಸುಫ್, ತಮ್ಮ, ನಾನು. ನೆರ್ಮಿನ್ ಬಾಯಿ ಗಡಿಗೆಯನ್ನು ಬಟ್ಟೆಯಲ್ಲಿ ಹಿಡಿದು ತಂದು ನಡುವೆ ಇಟ್ಟಳು. ಹಿಟ್ಟು ಕಂದುಬಣ್ಣಕ್ಕೆ ಬಂದು ಕಲ್ಲಾಗಿತ್ತು. ನನ್ನ ಕಡೆಗಿದ್ದ ಅರ್ಧ ಸುತ್ತಿನಲ್ಲಿ ಬಳೆಯ ಗುರುತು ಒಂದೂ ಅಳಿಸಿರಲಿಲ್ಲ. ನಾನು ಕುಳಿತಲ್ಲಿಂದಲೇ ನೋಡಿ, ಸೀಲು ಸರಿಯಾಗಿದೆ ಎಂದು ತಮ್ಮನಿಗೆ ಹೇಳುವವಳಿದ್ದೆ.

ಆಗ ಆಕೆ ಎರಡೂ ಕೈಯಿಂದ ಗಡಿಗೆಯನ್ನು ನಿಧಾನ ತಿರುಗಿಸಿದಳು. ಆಕೆಯ ಕಡೆಗಿದ್ದ ಭಾಗ ನನ್ನ ಕಡೆ ಬಂತು. ಅಲ್ಲಿ ಹಿಟ್ಟು ಬಿರಿದಿತ್ತು. ಉಗುರು ತೂರುವಷ್ಟು ಬಿರುಕು, ಬಳೆಯ ಗುರುತಿನ ನಡುವೆಯೇ. ಅದರಿಂದ ಟೊಮೆಟೊ ರಸ ಉಕ್ಕಿ ಗಡಿಗೆಯ ಹೊಟ್ಟೆಯ ಮೇಲೆ ಕರ್ರಗೆ ಒಣಗಿತ್ತು.

ಮಾಲಕ ಹೆಂಡತಿಯ ಮುಖ ನೋಡಿದ. ಆಕೆ ನನ್ನ ಮುಖ ನೋಡುತ್ತಿದ್ದಳು. ಬೆರಳನ್ನು ಬಿರುಕಿನ ಮೇಲೆ ಇಟ್ಟು ಯೂಸುಫನಿಗೆ ಎರಡು ಮಾತು ಹೇಳಿದಳು.

"ಏನಂತಾಳ?"

"ಇಲ್ಲಿ ಒಡೆದಿದೆ, ನೋಡಿಕೊಳ್ಳಲಿ. ಉಣ್ಣದಿದ್ದರೆ ನನಗೆ ಬೇಸರ ಇಲ್ಲ ಅನ್ನುತ್ತಾಳೆ."

ತಮ್ಮ ಮೆಲ್ಲಗೆ, "ಅಕ್ಕಾ, ರಸ ಹೊರಗ ಬಂದದ. ಒಳಗ ಏನೂ ಹೋಗಿರೂದಿಲ್ಲ" ಎಂದ. ಅದು ನನಗೂ ಹೊಳೆದಿತ್ತು. ಆದರೆ ಉಣ್ಣಬೇಕೆಂದು ಮನಸ್ಸು ಮಾಡಿದವರಿಗೆ ಇಂಥ ಕಾರಣ ಎಷ್ಟು ಬೇಕಾದರೂ ಹೊಳೆಯುತ್ತವೆ. ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ಲೆಕ್ಕಕ್ಕೆ ಹಿಡಿದದ್ದು ಬೇರೆ. ರೊಟ್ಟಿ ಬುಟ್ಟಿ ಹೊತ್ತ ದಿನದಿಂದ ನಾನು ಮಾರಿದ್ದೇನೆ, ಕೊಂಡಿದ್ದೇನೆ. ತೂತಿರುವ ಕುಂಬಳಕಾಯಿ, ಬಿರಿದ ಕೊಡ, ಅಂಚು ಹರಿದ ಸೀರೆ, ಇವುಗಳ ಕೆಟ್ಟ ಮಗ್ಗುಲನ್ನು ಗಿರಾಕಿಯ ಕಡೆ ತಿರುಗಿಸಿ ಇಟ್ಟವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ನಾನೂ ಇಟ್ಟಿಲ್ಲ. ಇಂಥವಳು ಗಡಿಗೆಯೊಳಗೆ ಏನನ್ನೂ ಬಚ್ಚಿಟ್ಟಿರಲಾರಳು. ಒಲೆಯಲ್ಲಿ ಏನಾದರೂ ನಡೆದದ್ದು ಕಂಡಿದ್ದರೆ ಅದನ್ನೂ ಹೀಗೇ ತಂದು ನನ್ನ ಮುಂದೆ ಇಡುತ್ತಿದ್ದಳು. ಗುರುಗಳಿಗೆ ಕೊಟ್ಟ ಮಾತು ಇವಳ ಕೈಯಲ್ಲಿ ಗಟ್ಟಿಯಾಗಿದೆ ಎಂದು ನನಗೆ ತೋರಿತು.

ಎದೆಯ ಮೇಲಿನ ಲಿಂಗವನ್ನು ಸೆರಗಿನ ಮೇಲಿಂದ ಮುಟ್ಟಿಕೊಂಡೆ. ಚೂರಿಯ ಹಿಡಿಯಿಂದ ಹಿಟ್ಟು ಬಡಿದು ಮುಚ್ಚಳ ತೆಗೆದೆ. ಹಬೆ ಮುಖಕ್ಕೆ ಬಂತು. ಬದನೆಕಾಯಿ ಬೆಣ್ಣೆಯಂತಾಗಿತ್ತು, ಬಟಾಟೆ ರಸ ಕುಡಿದು ಕೆಂಪಾಗಿತ್ತು, ಕಡಲೆ ಒಂದೂ ಒಡೆದಿರಲಿಲ್ಲ. ನಾನು ನನ್ನ ತಾಟು ಮುಂದೆ ಚಾಚಿದೆ. ನೆರ್ಮಿನ್ ಬಾಯಿ ಸೌಟು ತುಂಬಿ ಬಡಿಸಿದಳು.

ತುತ್ತು ಬಾಯಿಗಿಟ್ಟೆ. ನಾಲ್ಕೂ ಜನ ನನ್ನ ಗಂಟಲನ್ನೇ ನೋಡುತ್ತಿದ್ದರು. ಅಗಿದು ನುಂಗಿದೆ. ಮಾಲಕ ತಮ್ಮನ ಕಡೆ ತಿರುಗಿ ಮಷೀನಿನ ರೇಟಿನ ಮಾತು ಎತ್ತಿದ. ಉಪ್ಪು ಒಂದು ಚಿಟಿಕೆ ಕಡಿಮೆಯಾಗಿತ್ತು. ನೆರ್ಮಿನ್ ಬಾಯಿಗೆ ಅದನ್ನೂ

ಹೇಳಿದೆ.